ದುಡ್ಡು ಕೊಟ್ಟು ತಂದ ಗರಿಕೆ

ಹಾಸನದಂಥ ಊರಲ್ಲಿ ಗರಿಕೆಯನ್ನು ದುಡ್ಡು ಕೊಟ್ಟು ತರುವ ಕಾಲ ಬಂತಲ್ಲ, ಹೊಟ್ಟೆ ಉರಿಯುವುದು ಅದಕ್ಕೆ. ರಾಗಿ ಹೊಲದಲ್ಲಿ ಸೊಂಟ ಬಿದ್ದುಹೋಗುವಷ್ಟು ಕಿತ್ತರೂ ಹೋಗದ ಹುಲ್ಲು. ಕಿತ್ತು ಬದುವಿನ ಮೇಲೆ ಎಸೆದರೆ ಒಂದು ಹದ ಮಳೆಗೆ ಅಲ್ಲೇ ಬೇರು ಬಿಡುತ್ತಿತ್ತು. ಅದೇ ಈಗ ‘ಬರ್ಮುಡಾ ಲಾನ್’ ಅಂತ ಹೆಸರಿಟ್ಟುಕೊಂಡು, ಚದರ ಅಡಿ ಲೆಕ್ಕದಲ್ಲಿ ಟೆಂಪೊ ಹತ್ತಿ ಬರುತ್ತದೆ.

ಪಾಳುಬಿದ್ದ ಲಾನ್ ಇರುವ ಮನೆ ಕೊಂಡವರು ಮೊದಲು ಮಾಡುವ ಕೆಲಸವೇ ಎಲ್ಲವನ್ನೂ ಅಗೆಸಿ ಹಾಕುವುದು. ಸ್ವಲ್ಪ ತಡೆಯಿರಿ. ಒಣಗಿದ ಹುಲ್ಲಿನ ಬಳ್ಳಿಯೊಂದನ್ನು ಎಳೆದು ಉಗುರಲ್ಲಿ ಸೀಳಿ. ಒಳಗೆ ಬೆಳ್ಳಗೆ ಹಸಿಯಾಗಿದ್ದರೆ ಜೀವವಿದೆ. ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಒಂದಿಂಚು ಎತ್ತರಕ್ಕೆ ಬೋಳಿಸಿ, ಅಡಿಯ ಒಣಕಸವನ್ನು ಒಂದಿಷ್ಟೂ ಉಳಿಯದಂತೆ ಬಾಚಿ ತೆಗೆಯಿರಿ. ನಾಲ್ಕಿಂಚಿಗೊಂದರಂತೆ ಮೂರಿಂಚು ಆಳಕ್ಕೆ ಹಾರೆಯಿಂದ ಚುಚ್ಚಿ, ಜರಡಿ ಹಿಡಿದ ಹಳೇ ಕೊಟ್ಟಿಗೆ ಗೊಬ್ಬರಕ್ಕೆ ಮರಳು ಬೆರೆಸಿ ಅರ್ಧ ಇಂಚು ಹರಡಿ. ನೂರು ಚದರ ಅಡಿಗೆ ಎಂಟು-ಹತ್ತು ಬಾಂಡ್ಲಿ ಬೇಕು. ಹುಲ್ಲಿನ ತುದಿ ಮಾತ್ರ ಮುಚ್ಚಬಾರದು. ಹಸಿ ಸಗಣಿ ತಂದು ಸುರಿದರೆ ಗೊಣ್ಣೆಹುಳ, ಗೆದ್ದಲು, ಜೊತೆಗೆ ಊರಿನ ಸಮಸ್ತ ಕಳೆಬೀಜವೂ ಗೃಹಪ್ರವೇಶಕ್ಕೆ ಬರುತ್ತವೆ.

ಬೋಳಾದ ಜಾಗಕ್ಕೆ ದಟ್ಟವಾಗಿರುವ ಕಡೆಯಿಂದಲೇ ಬಳ್ಳಿ ಕಿತ್ತು, ಎರಡು-ಮೂರು ಗೆಣ್ಣಿರುವ ತುಂಡು ಮಾಡಿ ನಾಲ್ಕಿಂಚಿಗೊಂದು ನೆಟ್ಟರಾಯಿತು. ಆದರೆ ಮಾವಿನ ಮರದ ಕೆಳಗೆ ನೆಡಬೇಡಿ, ನೆರಳಲ್ಲಿ ಗರಿಕೆ ಬಾಳುವುದಿಲ್ಲ. ಗಾರೆ ಕಲಸಿದ ಜಾಗದಲ್ಲೂ ಬರುವುದಿಲ್ಲ. ಅಲ್ಲಿನ ಸಿಮೆಂಟ್ ಚಕ್ಕೆ, ಇಟ್ಟಿಗೆ ಚೂರನ್ನು ಒಂದಡಿ ಅಗೆದು ತೆಗೆದು ಹೊಸ ಮಣ್ಣು ತುಂಬಲೇಬೇಕು. ಜೇಕು ಅನ್ನುವ ಕಳೆಯನ್ನು ಮೇಲಿಂದ ಕಿತ್ತು ಗೆದ್ದೆವೆಂದುಕೊಂಡರೆ ಕೆಳಗಿನ ಗಡ್ಡೆ ನಗುತ್ತಿರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಲಾನ್ ಹಾಳಾಗುವುದು ಒಬ್ಬರಿಂದ: ಸಂಜೆ ಪೈಪ್ ಹಿಡಿಯುವ ಯಜಮಾನರು. ಎಲ್ಲ ಬೀದಿಯಲ್ಲೂ ಇದ್ದಾರೆ. ಪಂಚೆ ಮೇಲೆತ್ತಿ ಕಟ್ಟಿ, ಪೈಪಿನ ಬಾಯಿಗೆ ಬಲಗೈ ಹೆಬ್ಬೆರಳು ಒತ್ತಿ, ಎಡಗೈಯಲ್ಲಿ ಫೋನು. ‘ಹಾಂ ಹೇಳಿ ಭಾವ’ ಅಂದಾಗ ನೀರು ಕಾಂಪೌಂಡಿಗೆ, ನಗು ಬಂದಾಗ ಸ್ಕೂಟರಿಗೆ, ಸಿಟ್ಟು ಬಂದಾಗ ಹಾದಿಯಲ್ಲಿ ಹೋಗುವವರಿಗೆ. ಭಾವ ಫೋನ್ ಇಟ್ಟರೆ ನೀರು ಹಾಕಿದ್ದೂ ಮುಗಿಯಿತು, ಒಟ್ಟು ಹತ್ತು ನಿಮಿಷ. ಒದ್ದೆಯಾದದ್ದು ಮೇಲಿನ ಅರ್ಧ ಇಂಚು. ಬೇರುಗಳೂ ಕೆಳಗಿಳಿಯದೆ ಅಲ್ಲೇ ಕೂರುತ್ತವೆ. ಯಜಮಾನರು ನಾಲ್ಕು ದಿನ ತಿರುಪತಿಗೆ ಹೋದರೆ ಲಾನೂ ಅವರ ಜೊತೆಗೇ ಬೋಳು. ನೂರು ಚದರ ಅಡಿಗೆ ಒಂದಿಂಚು ನೀರೆಂದರೆ ಸುಮಾರು 235 ಲೀಟರ್, ಅಂದರೆ ಹದಿನೈದು ಲೀಟರಿನ ಬಕೆಟ್ಟಿನಲ್ಲಿ ಹದಿನೈದು-ಹದಿನಾರು. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಬೆಳಿಗ್ಗೆ ಹೊತ್ತು, ಅಷ್ಟು ಹಾಕಿದರೆ ಸಾಕು. ಭಾವನಿಗೆ ಬೇರೆ ಹೊತ್ತು ಗೊತ್ತುಮಾಡಿಕೊಳ್ಳಲಿ.

ಯೂರಿಯಾ ವಿಷಯದಲ್ಲೂ ಇವರದೇ ಕೈ. ನೂರು ಚದರ ಅಡಿಗೆ ನೂರು ಗ್ರಾಂ, ಹರಡಿದ ಕೂಡಲೇ ನೀರು. ಮುಷ್ಟಿಯಲ್ಲಿ ಎರಚಿದರೆ ಎರಚಿದ ಆಕಾರದಲ್ಲೇ ಹುಲ್ಲು ಸುಟ್ಟಿರುತ್ತದೆ. ಕತ್ತರಿಸುವಾಗಲೂ ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ, ಬ್ಲೇಡ್ ಮೊಂಡಾಗಿದ್ದರೆ ತುದಿಯೆಲ್ಲ ಬಿಳಿಚಿಕೊಳ್ಳುತ್ತದೆ.

ಊರಂಚಿನ ಎಷ್ಟೋ ಲೇಔಟುಗಳು ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದ ನೆಲ. ಸೈಟುಗಳ ಕಲ್ಲು ನೆಟ್ಟರು, ರಸ್ತೆಗೆ ಡಾಂಬರು ಬಿತ್ತು, ಬದುಗಳು ಹೋದವು. ಚರಂಡಿ ಪಕ್ಕದಲ್ಲಿ ಗರಿಕೆ ಮಾತ್ರ ತನ್ನ ಹೊಲ ಇನ್ನೂ ಇದೆಯೆಂದೇ ನಂಬಿಕೊಂಡು ಹಬ್ಬುತ್ತಿದೆ.

ಗಣೇಶನ ಹಬ್ಬದ ಬೆಳಿಗ್ಗೆಯ ಕಥೆಯೇ ಬೇರೆ. ಪೂಜೆಗೆ ಮೂರೆಸಳಿನ, ತುದಿ ಮುರಿಯದ ಇಪ್ಪತ್ತೊಂದು ಗರಿಕೆ ಬೇಕು. ಲಾನಿನಲ್ಲಿರುವುದಕ್ಕೆಲ್ಲ ಮೆಷಿನ್ ಹೊಡೆದು ತುದಿಯೇ ಇಲ್ಲ. ಸಾವಿರ ಚದರ ಅಡಿ ಗರಿಕೆಯ ಒಡೆಯರು ಚೀಲ ಹಿಡಿದು ಕಟ್ಟಿನಕೆರೆ ಮಾರುಕಟ್ಟೆಗೆ ಹೊರಡುತ್ತಾರೆ, ಒಂದು ಕಟ್ಟಿಗೆ ಎಷ್ಟಮ್ಮ ಅಂತ ಚೌಕಾಸಿ ಮಾಡಲು.