ಕರೆಂಟು ಹೋದ್ರೆ ಸೂರ್ಯನೂ ಆಫ್

ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಈಗ ಮನೆ ಒಕ್ಕಲಿನ ಊಟಕ್ಕೆ ಹೋದ್ರೆ ಪಾಯಸದ ಸುದ್ದಿ ಇಲ್ಲ, ಎಲ್ಲ ಟೆರೇಸಿನ ಸೋಲಾರ್ ಪ್ಯಾನೆಲ್ಲಿಂದೇ ಮಾತು. "ಎಷ್ಟು ಕಿಲೋವ್ಯಾಟ್ ಹಾಕ್ಸಿದ್ರಿ ಶೆಟ್ರೆ?" "ಮೂರು." ಮೂರೇ ಯಾಕೆ ಅಂದ್ರೆ, 2024ರ ಫೆಬ್ರವರಿಯಲ್ಲಿ ಬಂದ, ಮನೆಗೆ ಸೋಲಾರ್ ಹಾಕ್ಸುವ ಕೇಂದ್ರದ ಪಿಎಂ ಸೂರ್ಯಘರ್ ಸ್ಕೀಮಿನ ಸಬ್ಸಿಡಿ 78,000 ರೂಪಾಯಿಗೆ ನಿಲ್ಲುದು ಮೂರು ಕಿಲೋವ್ಯಾಟಲ್ಲಿ, ಮನೆಗೆ ಎಷ್ಟು ಬೇಕು ಅಂತ ಕೇಳಿದವ್ರು ಯಾರೂ ಇಲ್ಲ, ಮಕ್ಕಳೆಲ್ಲ ದುಬೈಲಿ, ಇಲ್ಲಿ ಇರುದು ಗಂಡ ಹೆಂಡ್ತಿ ಇಬ್ರು, ಎರಡು ಫ್ಯಾನು, ಒಂದು ಟಿವಿ.

ಆಯ್ತು, ಬಿಲ್ಲು ಇಳಿಯುದು ಸುಳ್ಳಲ್ಲ. ಒಂದು ಕಿಲೋವ್ಯಾಟಿಗೆ ಒಳ್ಳೆ ಬಿಸಿಲಿದ್ರೆ ದಿನಕ್ಕೆ ನಾಲ್ಕು ಯೂನಿಟ್ ಹತ್ರ ಬರ್ತದೆ.

ತಮಾಷೆ ಇರುದು ಜೂನಲ್ಲಿ. ರಾತ್ರಿ ಗಾಳಿಗೆ ಹಲಸಿನ ಗೆಲ್ಲು ಲೈನಿನ ಮೇಲೆ ಬಿತ್ತು, ಕರೆಂಟು ಹೋಯ್ತು. ಬೆಳಿಗ್ಗೆ ಮೋಡ ಬಿಟ್ಟು ಚೆಂದದ ಬಿಸಿಲು, ಶೆಟ್ರು ಗತ್ತಲ್ಲಿ ಸ್ವಿಚ್ ಹಾಕಿದ್ರು. ಫ್ಯಾನು ಅಲ್ಲಾಡ್ಲಿಲ್ಲ. ಪ್ಯಾನೆಲ್ ಹಾಕಿದ ಹುಡುಗನಿಗೆ ಫೋನು.

"ಬಿಸಿಲು ಉಂಟಲ್ಲ ಮಾರಾಯ!"

"ಬಿಸಿಲು ಉಂಟು ಅಣ್ಣ, ಲೈನಲ್ಲಿ ಕರೆಂಟು ಉಂಟಾ? ಇದು ಆನ್‌ಗ್ರಿಡ್, ಕಂಬದ ಲೈನಿಗೆ ಜೋಡಿಸಿದ್ದು, ಲೈನಲ್ಲಿ ಕರೆಂಟು ಬಂದ್ರೆ ಮಾತ್ರ ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಆಗುವ ಹಾಗೆ ಮಾಡುವ ಇನ್ವರ್ಟರ್ ಏಳುದು."

ಅಂದ್ರೆ ಕರೆಂಟು ಮಾಡ್ಲಿಕ್ಕೆ ಮೊದ್ಲು ಕರೆಂಟು ಬೇಕು! ಕಾರಣ ಸರಿಯಾದ್ದೇ, ನಮ್ಮ ಟೆರೇಸಿನ ಕರೆಂಟು ಲೈನಿಗೆ ಹರಿದ್ರೆ ಕಂಬ ಹತ್ತಿದ ಲೈನ್‌ಮ್ಯಾನಿನ ಜೀವ ಹೋಗ್ತದೆ, ಹಾಗಾಗಿ ಅದು ತನ್ನಷ್ಟಕ್ಕೇ ಬಂದ್ ಆಗ್ಲೇಬೇಕು. ಆದ್ರೆ ಇಷ್ಟನ್ನು ಬ್ರೋಷರಲ್ಲಿ ಹಾಕ್ಲಿಕ್ಕೆ ಎಂತ ದಾಡಿ? ಅದ್ರಲ್ಲಿ ಇರುದು ನಗುವ ಕುಟುಂಬ, ನಗುವ ಸೂರ್ಯ, ಕೆಳಗೆ "ಸ್ವಾವಲಂಬಿ ಮನೆ". ಕತ್ತಲಲ್ಲೂ ಬೆಳಕು ಬೇಕಾದ್ರೆ ಲೈನಿಗೂ ಬ್ಯಾಟರಿಗೂ ಆಗುವ ಹೈಬ್ರಿಡ್ ಇನ್ವರ್ಟರು, ಬ್ಯಾಟರಿ, ಮತ್ತೆ ದುಡ್ಡು. ಸಬ್ಸಿಡಿ ಕಿಲೋವ್ಯಾಟ್ ಲೆಕ್ಕದಲ್ಲಿ ಕೊಡುದು, ಬ್ಯಾಟರಿ ನಿಮ್ಮ ಕರ್ಮ.

ನಮ್ಮ ಪಕ್ಕದ ಪೈವಳಿಕೆ ಗುಡ್ಡದಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕೇ ಉಂಟು, ಆ ಕರೆಂಟು ದೊಡ್ಡ ಲೈನು ಹಿಡಿದು ಗ್ರಿಡ್ಡಿಗೆ ಹೋಗ್ತದೆ, ನಾವು ಗುಡ್ಡ ನೋಡಿ ಹೆಮ್ಮೆಪಟ್ಟು ಕ್ಯಾಂಡಲ್ ಹಚ್ಚುದು.

ಇಷ್ಟೆಲ್ಲ ಗಲಾಟೆ ನಡುವೆ ಶೆಟ್ರ ನೆರೆಮನೆ ದೇವಕಿಯಕ್ಕ ಆರಾಮ. ಬಚ್ಚಲಿನ ಒಲೆಗೆ ಅಡಿಕೆ ಸಿಪ್ಪೆ, ಗೆರಟೆ. ಹಟ್ಟಿ ಹಿಂದೆ ಎರಡು ಕ್ಯೂಬಿಕ್ ಮೀಟರಿನ ಹಳೇ ಗೋಬರ್ ಗ್ಯಾಸು, ದಿನಕ್ಕೆ ಐವತ್ತು ಕಿಲೋ ಸಗಣಿ ಕಲಸಿ ಬಿಟ್ರೆ ಮನೆಯ ಅಡುಗೆ ಆಯ್ತು, ಸ್ಲರಿ ತೋಟಕ್ಕೆ. ಮಾಡಿನ ಮೇಲೆ ಒಂದೇ ಒಂದು ಸಣ್ಣ ಪ್ಯಾನೆಲ್, ಕೆಳಗೆ ಬ್ಯಾಟರಿ, ನಾಲ್ಕು ಬಲ್ಬು. ಇವ್ರನ್ನು ಉದ್ಘಾಟನೆಗೆ ಯಾರೂ ಕರೆಯುದಿಲ್ಲ, ಸಗಣಿ ಗುಂಡಿ ಪಕ್ಕ ನಿಂತು ರಿಬ್ಬನ್ ಕತ್ತರಿಸಿದ್ರೆ ಫೋಟೋ ಚೆಂದ ಬರ್ಬೇಕಲ್ಲ.

ಆವತ್ತು ಮಧ್ಯಾಹ್ನ ಶೆಟ್ರು ಚಾರ್ಜರು ಹಿಡ್ಕೊಂಡು ಅಲ್ಲಿಗೇ ಬಂದ್ರು. ಮೊಬೈಲ್ ಜೀವ ಬಂದದ್ದೇ ಆ್ಯಪ್ ತೆರೆದ್ರು, "ನಮ್ಮದು ಇವತ್ತು ಎಷ್ಟು ಯೂನಿಟ್ ಮಾಡಿದೆ ನೋಡಿ ಅಕ್ಕ." ಸ್ಕ್ರೀನಲ್ಲಿ ಸೊನ್ನೆ.

"ಇಲ್ಲಿ ನೆಟ್ ಸರಿ ಇಲ್ಲ ಕಾಣ್ತದೆ" ಅಂದ್ರು ಶೆಟ್ರು.