ಓಡುವವನೇ ಕರೆಯೊಡೆಯ

ಕಂಬಳದ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ತಾರೀಕು ನೋಡುವುದಿಲ್ಲ. ಫೋಟೋ ಎಣಿಸುತ್ತೇನೆ. ಹೋದ ಸಲ ನಲವತ್ತೊಂದು ಮುಖ ಇದ್ದವು. ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಇವರೆಲ್ಲರ ತಲೆ ಮೇಲೆ ಮಾರ್ಗದರ್ಶಕರು. ಕೋಣ ಎರಡೇ. ಅವೂ ಕೆಳಗಿನ ಮೂಲೆಯಲ್ಲಿ, ಪ್ರಾಯೋಜಕರ ಲೋಗೋ ಬಿದ್ದು ಅರ್ಧ ಮುಚ್ಚಿಹೋಗಿದ್ದವು. ಓಡಿಸುವವನ ಕೈ ಮಾತ್ರ ಕಾಣುತ್ತಿತ್ತು.

ವೇಳಾಪಟ್ಟಿ ಮಾತ್ರ ರೈಲ್ವೆಯವರೂ ನಾಚಬೇಕು, ಹಾಗಿತ್ತು. ಶನಿವಾರ ಬೆಳಿಗ್ಗೆ 8.30ಕ್ಕೆ ಉದ್ಘಾಟನೆ. ಸಂಜೆ 6ಕ್ಕೆ ಸಭಾ ಕಾರ್ಯಕ್ರಮ. ಭಾನುವಾರ ಬೆಳಿಗ್ಗೆ 8ಕ್ಕೆ ಬಹುಮಾನ ವಿತರಣೆ. ಇದರಲ್ಲಿ ಹೇಳಿದ ಹೊತ್ತಿಗೆ ನಡೆದದ್ದು ಊಟ ಒಂದೇ. ಬಹುಮಾನ ಕೊಟ್ಟದ್ದು ಭಾನುವಾರ ಮಧ್ಯಾಹ್ನ ಮೂರಕ್ಕೆ.

ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಜೋಡಿ ಕೋಣ ಕರೆ ದಾಟಲು ಹದಿಮೂರು ಸೆಕೆಂಡ್ ಸಾಕು. ಕರೆ ಅಂದರೆ ಕೋಣ ಓಡುವ ಕೆಸರಿನ ಓಣಿ. ನೂರೈವತ್ತು ಜೋಡಿಯನ್ನು ಒಂದಾದ ಮೇಲೆ ಒಂದು ಓಡಿಸಿದರೂ ಮೂವತ್ತೆರಡೂವರೆ ನಿಮಿಷ. ಸೆಮಿಫೈನಲ್, ಫೈನಲ್ ಎಲ್ಲ ಸೇರಿಸಿ ಧಾರಾಳವಾಗಿ ಒಂದೂವರೆ ಗಂಟೆ ಹಿಡಿಯಿರಿ. ಉಳಿದ ಇಪ್ಪತ್ತೊಂಬತ್ತು ಗಂಟೆ ಎಲ್ಲಿ ಹೋಯಿತು ಮಾರ್ರೆ?

ಒಂದಷ್ಟು ಗಂತಿನಲ್ಲಿ ಹೋಗುತ್ತದೆ. ಗಂತು ಅಂದರೆ ಓಟ ಶುರುವಾಗುವ ಜಾಗ. ಅಲ್ಲಿ ಈ ಜೋಡಿ ಮುಂದೆ ನೋಡಿದರೆ ಆ ಜೋಡಿ ಹಿಂದೆ ನೋಡುತ್ತದೆ. ಎರಡೂ ಸರಿ ನಿಂತವು ಅನ್ನುವಾಗ ಯಜಮಾನರಿಗೆ ಯಾಕೋ ಸಮಾಧಾನ ಇಲ್ಲ. ಮೈಕಿನವರು ತುಳುವಿನಲ್ಲಿ "ಬೇಗ ಬುಡ್ಲೆ, ಬೇಗ ಬುಡ್ಲೆ", ಅಂದರೆ ಬೇಗ ಬಿಡಿ, ಅಂತ ಗಂಟಲು ಹರಿದುಕೊಳ್ಳುತ್ತಾರೆ. ಆದರೆ ಇದಕ್ಕೆ ಕೋಣವನ್ನು ಬೈಯುವುದು ತಪ್ಪು. ಅದಕ್ಕೆ ಆಮಂತ್ರಣ ಪತ್ರಿಕೆ ಓದಲು ಬರುವುದಿಲ್ಲ.

ಉಳಿದದ್ದೆಲ್ಲ ವೇದಿಕೆಗೆ. ರಾತ್ರಿ ಎರಡೂವರೆ. ಚಳಿ. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜ ಬೈರಾಸು ಹೊದ್ದು, ಫ್ಲಾಸ್ಕಿನ ಕೊನೆಯ ಚಹಾ ಬಗ್ಗಿಸುತ್ತಿದ್ದರು. ಗಂತಿನಲ್ಲಿ ಎರಡು ಜೋಡಿ ತಯಾರಾಗಿ ನಿಂತಿವೆ. ಅಷ್ಟರಲ್ಲಿ ಒಂದು ಬಿಳಿ ಕಾರು ಬಂತು. ಓಟ ನಿಂತಿತು. ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಬಂದವರು "ನನಗೆ ಸಮಯ ಇಲ್ಲ, ಎರಡೇ ಮಾತು" ಅಂತ ಹೇಳಿ ಇಪ್ಪತ್ತು ನಿಮಿಷ ಮಾತಾಡಿದರು. ಕನೆಹಲಗೆ ಓಟದಲ್ಲಿ ಕೋಣ ಚಿಮ್ಮಿಸಿದ ನೀರು ಎಷ್ಟು ಎತ್ತರ ಹೋಯಿತು ಅಂತ ನೋಡಲು ಮೇಲೆ ನಿಶಾನೆ ಕಟ್ಟುತ್ತಾರೆ. ಆರೂವರೆ ಕೋಲು, ಏಳೂವರೆ ಕೋಲು. ಭಾಷಣಕ್ಕೂ ಅಂಥದ್ದೊಂದು ಕಟ್ಟಬಾರದಾ? ಅಜ್ಜ ಮಾತ್ರ ಬೇರೆಯೇ ಕೇಳಿದರು: "ಈ ಕಂಬಳ ಈಗ ಯಾರದ್ದು?"

ಮೊದಲಾದರೆ ಈ ಪ್ರಶ್ನೆಯೇ ಇರಲಿಲ್ಲ. ಗುತ್ತಿನ ಮನೆಯದ್ದು, ಬೀಡಿನದ್ದು, ಅಂದರೆ ಊರಿನ ದೊಡ್ಡ ಜಮೀನುದಾರರದ್ದು, ಇಲ್ಲವೇ ದೇವರದ್ದು. 1974ರಲ್ಲಿ ಭೂಸುಧಾರಣೆ ಬಂತು. ಉಳುವವನೇ ಹೊಲದೊಡೆಯನಾದ. ಗೇಣಿ ಗದ್ದೆಗಳು ಒಕ್ಕಲುಗಳ ಕೈಗೆ ಹೋದವು. ಆದರೆ ಓಡುವವನೇ ಕರೆಯೊಡೆಯ ಅಂತ ಯಾರೂ ಕಾನೂನು ತರಲಿಲ್ಲ. ಕುರ್ಚಿ ಖಾಲಿ ಇತ್ತು. ಸಮಿತಿ ಬಂದು ಕೂತಿತು. ಒಂದು ಕುರ್ಚಿ ಸಾಲದು ಅಂತ ನಲವತ್ತೊಂದು ಹಾಕಿಸಿತು.

ಆಮೇಲೆ ಕೋರ್ಟು. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟು ನಿಷೇಧಿಸಿ ತೀರ್ಪು ಕೊಟ್ಟಿತು. ಬಿಸಿ ಕರಾವಳಿಗೂ ತಟ್ಟಿತು. 2016ರಲ್ಲಿ ಕಂಬಳಕ್ಕೆ ಹೈಕೋರ್ಟ್ ತಡೆ, 2017ರಲ್ಲಿ ಅದಕ್ಕೆ ದಾರಿ ಬಿಡುವ ಸುಗ್ರೀವಾಜ್ಞೆ, ಬೆನ್ನಿಗೇ ತಿದ್ದುಪಡಿ ಕಾನೂನು. 2023ರ ಮೇ 18ರಂದು ಸಂವಿಧಾನ ಪೀಠ ಆ ಕಾನೂನು ಸರಿ ಅಂದಿತು. ಪಟಾಕಿ ಹೊಡೆದೆವು. ಕಾನೂನು ಓದಿದವರು ಕಡಿಮೆ. ಕಂಬಳ ಅಂದರೆ ಏನು ಅಂತ ಅದರಲ್ಲಿ ಬರೆದಿದೆ: ಸಂಪ್ರದಾಯದ ಕೋಣಗಳ ಓಟ, ಸರ್ಕಾರ ತಿಳಿಸಿದ ದಿನ, ತಿಳಿಸಿದ ಜಾಗದಲ್ಲಿ. ಅಲ್ಲಿಗೆ ನಮ್ಮ ಶನಿವಾರವೂ ವಿಧಾನಸೌಧದ ಸೊತ್ತಾಯಿತು.

ನಡುವೆ ಓಡುವವನನ್ನೇ ಕೊಂಡೊಯ್ಯುವ ಪ್ರಯತ್ನವೂ ಆಯಿತು. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿದರು. ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್ ದಾಖಲೆ 9.58. ದೇಶ ಎದ್ದು ನಿಂತಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ವೀಟ್ ಮಾಡಿ ಟ್ರಯಲ್ಸ್‌ಗೆ ಕರೆದರು. ಮುಂದೆ ಎಳೆದುಕೊಂಡು ಹೋದ ಎರಡು ಕೋಣಗಳನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಅವನ್ನು ಬಿಟ್ಟು ಓಡಿಸುವುದಾದರೆ, ಬೋಲ್ಟಿಗೂ ಒಂದು ಜೋಡಿ ಕೊಟ್ಟು ನೋಡಬೇಕಿತ್ತು, ಅಲ್ವಾ? ಗೌಡರು ಟ್ರಯಲ್ಸ್‌ಗೆ ಹೋಗಲಿಲ್ಲ. ಆ ಇಡೀ ಗಲಾಟೆಯಲ್ಲಿ ತಾನು ಯಾವ ಕರೆಯವನು ಅಂತ ಗೊತ್ತಿದ್ದವರು ಅವರೊಬ್ಬರೇ.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಬೆಂಗಳೂರು ಕಂಬಳ. 2023ರ ನವೆಂಬರ್ 25, 26. ಕೋಣಗಳು ಲಾರಿ ಹತ್ತಿ ಘಾಟಿ ದಾಟಿ ರಾಜಧಾನಿಗೆ ಬಂದವು. ಮೊದಲ ಬಹುಮಾನ 16 ಗ್ರಾಂ ಚಿನ್ನ, ಒಂದು ಲಕ್ಷ ರೂಪಾಯಿ. ನಮ್ಮ ಕಡೆ ಜೋಡುಕರೆಗಳಿಗೆ, ಅಂದರೆ ಅಕ್ಕಪಕ್ಕದ ಎರಡು ಕರೆಗಳಿಗೆ, ಹೆಸರಿಡುವ ಪದ್ಧತಿ ಇದೆ. ಮೂಡುಬಿದಿರೆಯದ್ದು ಕೋಟಿ-ಚೆನ್ನಯ, ಮಿಯಾರಿನದ್ದು ಲವ-ಕುಶ. ಬೆಂಗಳೂರಿನದ್ದಕ್ಕೆ ರಾಜ-ಮಹಾರಾಜ ಅಂತ ಇಟ್ಟರು. ತೋಡಿದ್ದು ಎಲ್ಲಿ? ಅರಮನೆ ಮೈದಾನದಲ್ಲಿ. 472 ಎಕರೆ ಅರಮನೆ ಆಸ್ತಿ. 1996ರಲ್ಲಿ ಸರ್ಕಾರ ಕಾನೂನು ಮಾಡಿ ಇದು ನಮ್ಮದು ಅಂದಿತು. ಮೈಸೂರು ರಾಜಮನೆತನ ಇಲ್ಲ, ನಮ್ಮದು ಅಂದಿತು. ಹೈಕೋರ್ಟು ಸರ್ಕಾರದ ಕಡೆ ನಿಂತಿತು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಕೇಸು ಇನ್ನೂ ಗಂತಿನಲ್ಲೇ ಇದೆ. ಈ ಜೋಡಿ ಮುಂದೆ ನೋಡಿದರೆ ಆ ಜೋಡಿ ಹಿಂದೆ ನೋಡುತ್ತದೆ. ಕೋಣಗಳು ಮಾತ್ರ ಯಾರ ನೆಲ ಅಂತ ಕೇಳದೆ ಓಡಿ ಮುಗಿಸಿ, ಲಾರಿ ಹತ್ತಿ ಊರಿಗೆ ಹೋದವು.

ನಮ್ಮ ಕಂಬಳಕ್ಕೆ ವಾಪಸ್ ಬರುತ್ತೇನೆ. ಭಾನುವಾರ ಮೂರು ಗಂಟೆ. ವೇದಿಕೆ ಮೇಲೆ ಕೋಣದ ಯಜಮಾನರು, ಅವರ ತಮ್ಮ, ತಮ್ಮನ ಭಾವ, ನಲವತ್ತೊಂದರಲ್ಲಿ ಇನ್ನೂ ಎಚ್ಚರ ಇದ್ದವರು. ಎಲ್ಲರೂ ಎರಡು ಪವನ್ ಚಿನ್ನಕ್ಕೆ ಒಂದೊಂದು ಬೆರಳು ತಾಗಿಸಿ ಫೋಟೋಕ್ಕೆ ನಿಂತಿದ್ದರು. ಓಡಿಸಿದವನು ಕರೆಯ ಆಚೆ ಪೈಪು ಹಿಡಿದು ಕಿವಿಯೊಳಗಿನ ಕೆಸರು ತೊಳೆಯುತ್ತಿದ್ದ. ಅವನ ಪಕ್ಕ ಕೋಣಕ್ಕೆ ನೀರು ಹೊಯ್ಯುತ್ತಿದ್ದ ಹುಡುಗ ನನ್ನ ಕೈಯಲ್ಲಿದ್ದ ಕಾಗದ ನೋಡಿ ಕೇಳಿದ:

"ಅಣ್ಣ, ಬರುವ ಶನಿವಾರದ್ದು ಎಲ್ಲಿ ಅಂತ ಅದರಲ್ಲಿ ಉಂಟಾ?"

"ಇರು, ನೋಡ್ತೇನೆ" ಅಂದೆ. ಮಡಿಸಿದ್ದನ್ನು ಬಿಡಿಸಿ, ಅಧ್ಯಕ್ಷರಿಂದ ಶುರು ಮಾಡಿ, ಗೌರವ ಸಲಹೆಗಾರರ ಸಾಲಿಗೆ ಬಂದಿದ್ದೆ. ತಲೆ ಎತ್ತುವಾಗ ಕೋಣ ಲಾರಿ ಹತ್ತಿಯಾಗಿತ್ತು. ಹುಡುಗ ಹಿಂದಿನ ಹಲಗೆ ಮುಚ್ಚಿ ಅಗಳಿ ಹಾಕುತ್ತಿದ್ದ.