ಯುದ್ಧ ಮಾಡುವವನಿಗೆ ಇಂಟರ್ನೆಟ್ ಹೋದರೆ ಎಂತ ನಷ್ಟ?

"ಯುದ್ಧ ಶುರು ಮಾಡಿದ ದೇಶದ ಇಂಟರ್ನೆಟ್ಟೇ ತೆಗೆಯಬೇಕು, ಆಗ ಬುದ್ಧಿ ಬರುತ್ತದೆ" ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು. ಸುಮಾರು ಜನ ಹೌದು ಹೌದು ಅಂದರು. ನನಗೆ ಒಪ್ಪಿಗೆ ಇಲ್ಲ ಮಾರಾಯ್ರೆ.

2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಶುರುವಾದ ಕೆಲವೇ ದಿನಕ್ಕೆ ಉಕ್ರೇನ್ ಮಂತ್ರಿ ಮಿಖೈಲೋ ಫೆಡೊರೊವ್ ಇದನ್ನೇ ಕೇಳಿದ್ದರು. ವೆಬ್‌ಸೈಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಗೆ ಪತ್ರ ಬರೆದು, ರಷ್ಯಾದ ವೆಬ್‌ಸೈಟ್ ಹೆಸರುಗಳ ಕೊನೆಗೆ ಬರುವ 'ಡಾಟ್ ಆರ್‌ಯು' ರದ್ದು ಮಾಡಿ ಅಂದರು. ಐಕ್ಯಾನ್ ಆಗುವುದಿಲ್ಲ ಅಂದಿತು. ತಲೆ ಮೇಲೆ ಬಾಂಬ್ ಬೀಳುತ್ತಿರುವವರು ಕೇಳಿದ್ದು ತಪ್ಪು ಅಂತ ಇಲ್ಲಿ ಫ್ಯಾನ್ ಕೆಳಗೆ ಕೂತು ನಾನು ಹೇಳಲಾರೆ. ಆದರೆ ಐಕ್ಯಾನ್ ಮಾಡಿದ್ದು ಸರಿ.

ಮರುತಿಂಗಳೇ ರಷ್ಯಾ ಸರ್ಕಾರ ತಾನಾಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಂದ್ ಮಾಡಿತು. ಸೇನೆಯ ಬಗ್ಗೆ 'ಸುಳ್ಳು ಸುದ್ದಿ' ಹರಡಿದರೆ 15 ವರ್ಷದವರೆಗೆ ಜೈಲು ಅಂತ ಕಾನೂನೂ ತಂದಿತು. ತನ್ನ ಜನ ಹೊರಗಿನ ಸುದ್ದಿ ನೋಡಬಾರದು ಅನ್ನುವುದು ಪುಟಿನ್‌ಗೇ ಬೇಕಾದದ್ದು. ಅದನ್ನು ನಾವು ಪುಕ್ಕಟೆ ಮಾಡಿಕೊಡಬೇಕಾ? 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ ನಡೆಯುವಾಗ ಇರಾನ್‌ನ ಇಂಟರ್ನೆಟ್ ಹೆಚ್ಚುಕಡಿಮೆ ಪೂರ್ತಿ ನಿಂತಿತ್ತು. ನಿಲ್ಲಿಸಿದ್ದು ಅಲ್ಲಿನ ಸರ್ಕಾರವೇ. ಕ್ಷಿಪಣಿ ಹಾರುವುದೇನೂ ನಿಲ್ಲಲಿಲ್ಲ. ಪರದೇಶದಲ್ಲಿದ್ದ ಮಕ್ಕಳಿಗೆ ಅಪ್ಪ ಅಮ್ಮ ಹೇಗಿದ್ದಾರೆ ಅಂತ ಗೊತ್ತಾಗದೆ ಹೋಯಿತು.

ಮಂಗಳೂರಿನವರಿಗೆ ಇದರ ರುಚಿ ಸ್ವಲ್ಪ ಗೊತ್ತು. ಅದು ಯುದ್ಧ ಅಲ್ಲ, ಒಪ್ಪುತ್ತೇನೆ. 2019ರ ಡಿಸೆಂಬರ್ 19ರಂದು ಸಿಎಎ ಪ್ರತಿಭಟನೆ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಅವತ್ತು ರಾತ್ರಿಯಿಂದ ಮೊಬೈಲ್ ಇಂಟರ್ನೆಟ್ ತೆಗೆದರು. ಗಾಳಿಸುದ್ದಿ ನಿಲ್ಲಲಿ ಅಂತ. ನಿಂತದ್ದೆಲ್ಲಿ? ಅಲ್ಲಿ ಹಾಗಾಯಿತಂತೆ, ಇಲ್ಲಿ ಹೀಗಾಯಿತಂತೆ ಅಂತ ಬಾಯಿಂದ ಬಾಯಿಗೆ ಹೋಯಿತು. ನಿಜವಾ ಅಂತ ನೋಡಿಕೊಳ್ಳಲು ಕೈಯಲ್ಲಿ ಎಂತದೂ ಇಲ್ಲ. ಗಲ್ಫ್‌ನಲ್ಲಿದ್ದ ಮನೆಯವರ ಗಾಬರಿ ಕೇಳುವುದೇ ಬೇಡ.

ಹಾಗಾದರೆ ಸುಮ್ನೆ ಕೂರುವುದಾ? ಬೇಡ. ಸೇನೆಗೆ ಹೋಗುವ ಚಿಪ್ ತಡೆಯಿರಿ, ಬ್ಯಾಂಕ್ ಹಣ ತಡೆಯಿರಿ. ಇಡೀ ದೇಶದ ಹೆಸರು ಅಳಿಸುವ ಅಧಿಕಾರ ಮಾತ್ರ ಯಾರ ಕೈಗೂ ಬೇಡ. ಐಕ್ಯಾನ್ ಕಚೇರಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ. 2003ರಲ್ಲಿ ಅಮೆರಿಕ ಇರಾಕ್‌ಗೆ ನುಗ್ಗಿದಾಗ ಅಮೆರಿಕದ ವೆಬ್‌ಸೈಟ್ ತೆಗೆಯಿರಿ ಅಂತ ಯಾರಾದರೂ ಕೇಳಿದ್ದರೆ ಆಗುತ್ತಿತ್ತಾ? 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದಾಗ ಅದೇ ಅಮೆರಿಕ ನಮ್ಮ ಮೇಲೆ ನಿರ್ಬಂಧ ಹಾಕಿತ್ತು, ನೆನಪಿದೆ ಅಲ್ವಾ? ಮುಂದೊಂದು ದಿನ ಅಂಥದ್ದೇ ಸಿಟ್ಟು ನಮ್ಮ 'ಡಾಟ್ ಇನ್' ಮೇಲೆ ಬಂದರೆ ನಮ್ಮ ಗುಂಪಿನವರು ಆಗಲೂ ಹೌದು ಹೌದು ಅನ್ನುತ್ತಾರಾ, ನೋಡಬೇಕು.